ಗೃಹಪ್ರವೇಶ, ಭಾಗ ಎರಡು

ನನ್ನ ಹೆಂಡತಿಯ ತಮ್ಮ ಒಂದು ಆಟದಲ್ಲಿ ಇಡೀ ಪ್ರಪಂಚಕ್ಕೇ ಚಾಂಪಿಯನ್. ಉತ್ಪ್ರೇಕ್ಷೆಯಲ್ಲ. ಆ ಆಟವನ್ನು ಅವನ ಹೊರತು ಬೇರೆ ಯಾರೂ ಆಡಿಲ್ಲ, ಇನ್ನು ಸೋಲಿಸುವವರು ಯಾರು?

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹಲಸೂರಿನಲ್ಲಿ ಮೋಟಾರು ವೈಂಡಿಂಗ್ ಕಲಿತವನು. ಇವತ್ತು ಅಂಗಡಿ ನನ್ನದು, ರಾಮಮೂರ್ತಿ ನಗರದ ಮನೆಯೂ ನನ್ನದು, ಒಂದೊಂದು ಇಟ್ಟಿಗೆಯೂ ನನ್ನ ಬೆವರಿನದು. ಹಾಗಾಗಿ ಇಂದಿರಾನಗರದ ಬೇಕರಿಯೊಂದರ ಮೇಲಿನ ಆಫೀಸಿನಲ್ಲಿ ಕೂತು ವಿಡಿಯೊ ಗೇಮ್ ಮಾಡುವುದಕ್ಕೆ ಸಂಬಳ ಕೊಡುತ್ತಾರೆ ಎಂದು ಭಾವಮೈದ ಹೇಳಿದಾಗ ನಾನು ನಂಬಲಿಲ್ಲ. ಅವನು ಬಿಡಿಸಿ ಹೇಳಿದ. ಕಂಪ್ಯೂಟರಿನಲ್ಲಿ ಓಡುತ್ತಿದ್ದ ಆಟೋ ರೇಸಿನ ಆಟವನ್ನು, ಟೀವಿಗೆ ಸಿಕ್ಕಿಸುವ ಹೊಸ ವಿದೇಶಿ ಪೆಟ್ಟಿಗೆಯೊಂದಕ್ಕೆ ಹೊಂದಿಸುವುದು ಅವನ ಕೆಲಸವಂತೆ. ಓಹೋ, ಹಳೇ ಮೋಟಾರನ್ನು ಹೊಸ ಬಾಡಿಯೊಳಗೆ ಕೂರಿಸುವುದು! ಅಷ್ಟಕ್ಕೆ ಬಿ.ಇ. ಯಾಕೆ ಬೇಕಿತ್ತು?

ಆ ಬಿ.ಇ. ಪೆಟ್ಟಿಗೆಯನ್ನು ತನ್ನ ರೂಮಿಗೆ ತಂದ ಮೊದಲ ದಿನವೇ ಸುಟ್ಟ. ನೂರಹತ್ತು ವೋಲ್ಟಿನ ಯಂತ್ರವನ್ನು ನೇರವಾಗಿ ನಮ್ಮ ಇನ್ನೂರಮೂವತ್ತರ ಪ್ಲಗ್ಗಿಗೆ ಚುಚ್ಚಿದರೆ ಇನ್ನೇನಾಗುತ್ತದೆ? "ಭಾವ, ಇದು ಆಫೀಸಿಂದು. ಇದು ಹೋದ್ರೆ ನನ್ ಕೆಲ್ಸಾನೂ ಹೋಗುತ್ತೆ" ಎಂದು ಅಂಗಡಿಯ ಮುಂದೆ ಬಂದು ನಿಂತ. ಎರಡು ದಿನ ಗಿರಾಕಿಗಳನ್ನು ವಾಪಸು ಕಳಿಸಿ, ಸುಟ್ಟದ್ದನ್ನು ಸರಿಮಾಡಿ, ಅದಕ್ಕೆಂದೇ ಒಂದು ಟ್ರಾನ್ಸ್‌ಫಾರ್ಮರ್ ಸುತ್ತಿಕೊಟ್ಟೆ. ದೀಪ ಹತ್ತಿತು. ಆಸಾಮಿ ಒಂದು ಥ್ಯಾಂಕ್ಸ್ ಕೂಡ ಹೇಳದೆ ಪೆಟ್ಟಿಗೆ ಎತ್ತಿಕೊಂಡು ಓಡಿದ!

ಪೆಟ್ಟಿಗೆ ಉಳಿಯಿತು, ಅದರ ವ್ಯಾಪಾರ ಉಳಿಯಲಿಲ್ಲ. ಯಾವ ದೇಶದಲ್ಲೂ ಯಾರೂ ಕೊಳ್ಳಲಿಲ್ಲವಂತೆ. ಆಟದ ಕೆಲಸ ಇನ್ನೇನು ಮುಗಿಯಿತು ಅನ್ನುವಾಗ, ರದ್ದು ಅಂತ ಒಂದು ಮೇಲ್ ಬಂತು. ಇಂದಿರಾನಗರದ ಆಫೀಸೂ ಮುಚ್ಚಿತು. ಕಂಪ್ಯೂಟರುಗಳನ್ನೆಲ್ಲ ಅಳಿಸಿ ಮಾರಿದರು. ಪೆಟ್ಟಿಗೆಯನ್ನು ವಾಪಸು ಕೇಳುವ ದಿಕ್ಕೂ ಇರಲಿಲ್ಲ. ಇವನ ಕೈಯಲ್ಲಿ ಉಳಿದದ್ದು ಆ ಪೆಟ್ಟಿಗೆ ಮತ್ತು ಆಟ ತುಂಬಿದ್ದ ಒಂದೇ ಒಂದು ಡಿಸ್ಕು.

ಅಲ್ಲಿಂದ ಶುರುವಾಯಿತು ನೋಡಿ. ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿದರೂ ಜೀವವೆಲ್ಲ ಅದರ ಮೇಲೇ. ಆಯುಧಪೂಜೆಗೆ ಜನ ಗಾಡಿಗೆ ಕುಂಬಳಕಾಯಿ ಒಡೆದರೆ ಇವನು ಪೆಟ್ಟಿಗೆಗೆ ಒಡೆಯುತ್ತಾನೆ! ಬಾಣಸವಾಡಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪ, ಏನೇನು ಕೆಲಸ ಮಾಡಿದ್ದೀರಿ ಎಂದು ಮರ್ಯಾದೆಗೆ ಕೇಳಿದರು. ಇವನು ಅರ್ಧ ಗಂಟೆ ಆಟದ ಪುರಾಣ ಹೇಳಿದ.

"ಆ ಆಟ ಎಲ್ಲಿ ಸಿಗುತ್ತೆ?"

"ಎಲ್ಲೂ ಸಿಗಲ್ಲ ಸರ್. ರಿಲೀಸ್ ಆಗ್ಲಿಲ್ಲ."

"ಆ ಪೆಟ್ಟಿಗೆ?"

"ಅದನ್ನ ಯಾರೂ ತಗೊಳ್ಲಿಲ್ಲ."

ಕೇಸರಿಬಾತು ಆಗಲೇ ಬಂದಿತ್ತು. ಕಾಫಿ ಬರಲೇ ಇಲ್ಲ.

ನಕಲು ಮಾಡಿಟ್ಟುಕೊಳ್ಳೋ ಅಂದರೆ, ಬೇರೆ ಯಂತ್ರಕ್ಕೆ ಹಾಕಿ ಕೆಟ್ಟರೇನು ಗತಿ ಅನ್ನುತ್ತಿದ್ದ. ಬಾಡಿಗೆ ರೂಮಿನಲ್ಲಿ ಯಾರಾದರೂ ಕದ್ದರೆ ಎಂಬ ದಿಗಿಲು ಬೇರೆ. ಕಳ್ಳರಿಗೆ ಮಾಡಲು ಬೇರೆ ಕೆಲಸವಿಲ್ಲವೇ?

ಹೀಗೆ ಹತ್ತು ವರ್ಷ ಕಳೆದವು. ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ಪೆಟ್ಟಿಗೆಯನ್ನು ಮಗುವಿನಂತೆ ಅವಚಿಕೊಂಡು ಮನೆಗೆ ಬಂದ. ಕಣ್ಣಲ್ಲಿ ಬೆಳಕು. ಹೊರದೇಶದಲ್ಲಿ ಕಳೆದುಹೋದ ಆಟಗಳನ್ನು ಹುಡುಕಿ ಕಾಪಾಡುವ ಗುಂಪೊಂದಿದೆಯಂತೆ. ಅವರು ಇವನ ಹೆಸರು ಪತ್ತೆಮಾಡಿ, ಒಂದಾದರೂ ಪ್ರತಿ ಉಳಿದಿದೆಯೇ ಎಂದು ಬರೆದಿದ್ದರಂತೆ.

"ಇದೆ ಅಂತ ಬರ್ದುಬಿಟ್ಟೆ ಭಾವ. ಡಿಸ್ಕು ನಿಮ್ಮ ಟೀವಿ ಕೆಳಗಿನ ಕಬೋರ್ಡಲ್ಲೇ ಇದೆ. ಯಾರೂ ಮುಟ್ಬಾರ್ದು ಅಂತ ಮೇಲೆ 'ಗೃಹಪ್ರವೇಶ, ಭಾಗ ಎರಡು' ಅಂತ ಬರ್ದಿಟ್ಟಿದ್ದೆ."

ತರ್ಕವೇನೋ ಸರಿ. ಗೃಹಪ್ರವೇಶದ ವಿಡಿಯೊದ ಎರಡನೇ ಭಾಗವನ್ನು ಮನೆಯ ಯಜಮಾನನೂ ನೋಡುವುದಿಲ್ಲ. ನಾನೂ ನೋಡಿರಲಿಲ್ಲ. ಹೆಂಡತಿ ನನ್ನ ಮುಖ ನೋಡಿದಳು, ಆಮೇಲೆ ಮೆಲ್ಲಗೆ ಸೂರು ನೋಡಿದಳು. ನಾನು ಎದ್ದು ಮೆಟ್ಟಿಲ ಕಡೆ ಓಡಿದೆ.

ಪಾರಿವಾಳಗಳ ಕಾಟ ತಡೆಯಲಾರದೆ, ಯುಗಾದಿಗೆ ಮನೆ ತೊಳೆದಾಗ ಸಿಕ್ಕಿದ ಹಳೇ ಡಿಸ್ಕುಗಳನ್ನೆಲ್ಲ ನೈಲಾನ್ ದಾರಕ್ಕೆ ಪೋಣಿಸಿ ಟೆರೇಸಿನಲ್ಲಿ ನೇತುಹಾಕಿದವನು ನಾನೇ! ಬೀದಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಹಾಕಿ ನೋಡಲು ಪ್ಲೇಯರ್ ಕೂಡ ಗುಜರಿಗೆ ಹೋಗಿತ್ತು. ಕಟ್ಟಿದ್ದು ಐದು. ಗಾಳಿಗೆ ಒಂದು ಹಾರಿ ಪಕ್ಕದ ಮನೆಯ ಮೋರಿಗೆ ಬಿದ್ದದ್ದೂ ಗೊತ್ತಿತ್ತು. ಹಾರಿದ್ದು ಯಾವುದು? ಹದಿನೆಂಟು ಮೆಟ್ಟಿಲು ಹತ್ತುವಷ್ಟರಲ್ಲಿ ನನಗೆ ಗೊತ್ತಿದ್ದ ದೇವರುಗಳೆಲ್ಲ ಖಾಲಿಯಾದರು. ಹಿಂದೆ ಅವನ ಹೆಜ್ಜೆ ಸದ್ದು.

ಮೊದಲನೆಯದು ಭಜನೆ. ಎರಡನೆಯದೂ ಭಜನೆ. ಮೂರನೆಯದು ಗೃಹಪ್ರವೇಶ, ಭಾಗ ಒಂದು. ನಾಲ್ಕನೆಯದರಲ್ಲಿ ಮಾಸಿದ ಅವನ ಕೈಬರಹ. ಸದ್ಯ, ದೇವರು ದೊಡ್ಡವನು ಎಂದುಕೊಂಡು ತಿರುಗಿಸಿದೆ. ಅಷ್ಟೇನೂ ದೊಡ್ಡವನಲ್ಲ. ಬಿಸಿಲಿಗೆ ಬೆಳ್ಳಿಯೆಲ್ಲ ಪೊರೆ ಬಿಟ್ಟಿತ್ತು.

ಪಂಚೆಯ ತುದಿಯಿಂದ ಒರೆಸಿದೆ. ಕೆಳಗೆ ಬಂದು, ನಾನು ಸುತ್ತಿದ ಟ್ರಾನ್ಸ್‌ಫಾರ್ಮರಿಗೆ ಪೆಟ್ಟಿಗೆ ಸಿಕ್ಕಿಸಿದೆವು, ದೀಪ ಹತ್ತಿತು. ಡಿಸ್ಕು ಒಳಗೆ ಹೋಯಿತು. ಪೆಟ್ಟಿಗೆ ಮೂರು ಸಲ ಕೆಮ್ಮಿ ಸುಮ್ಮನಾಯಿತು. ಟೀವಿಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು. ಇಂಗ್ಲಿಷ್ ಬಾರದ ನನಗೂ ಅರ್ಥವಾಯಿತು. ಹನ್ನೊಂದು ಸಲ ಹಾಕಿ ತೆಗೆದೆ. ಯಾವ ಮೋಟಾರನ್ನೂ ಆಗುವುದಿಲ್ಲ ಎಂದು ವಾಪಸು ಕಳಿಸದ ಕೈ ಇದು. ಹನ್ನೆರಡನೇ ಸಲಕ್ಕೆ ಮತ್ತೆ ಡಿಸ್ಕು ಎತ್ತಿಕೊಂಡಿತು. ಅವನೇ ನನ್ನ ಕೈ ಹಿಡಿದು ನಿಲ್ಲಿಸಿದ.

ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಪಾರಿವಾಳ ಬರೋದು ನಿಲ್ತಾ ಭಾವ?"

"ಇಲ್ಲ" ಎಂದೆ.

ನಕ್ಕ. ವೈರು ಸುತ್ತುತ್ತಾ, ನನ್ನ ಕಡೆ ನೋಡದೆ ಹೇಳಿದ. "ಆಟದ ಕೊನೇಲಿ ಕೆಲ್ಸ ಮಾಡಿದವ್ರ ಹೆಸರು ಬರುತ್ತಲ್ಲ, ಅದ್ರಲ್ಲಿ ನಿಮ್ಮ ಹೆಸರು ಹಾಕಿದ್ದೆ. ರಿಲೀಸ್ ದಿನ ಕೂರಿಸಿ ತೋರಿಸೋಣ ಅಂತ ಆಗ ಹೇಳ್ಲಿಲ್ಲ."

ನನ್ನ ಹೆಸರು ರೇಷನ್ ಕಾರ್ಡಿನಲ್ಲಿದೆ, ಕರೆಂಟ್ ಬಿಲ್ಲಿನಲ್ಲಿದೆ. ಮಾಡಿದ ಕೆಲಸಕ್ಕೆಂದು ಅದನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ಏನಾದರೂ ಮಾತಾಡಬೇಕಲ್ಲ, ಇಂಗ್ಲಿಷಿನಲ್ಲಿ ನನ್ನ ಹೆಸರು ಹೇಗೆ ಕಾಣುತ್ತಿತ್ತು ಎಂದು ಕೇಳಿದೆ.

"ಮಿಕ್ಕಿದ್ದೆಲ್ಲ ಇಂಗ್ಲಿಷೇ ಭಾವ" ಎಂದ. "ನಿಮ್ಮದೊಂದು ಕನ್ನಡದಲ್ಲಿ ಹಾಕಿದ್ದೆ. ನೀವು ಓದ್ಬೇಕಲ್ಲ."