ಡಡ್ಲಿಯ ಐದು ಲಕ್ಷ ಕಿಲೋಮೀಟರು

ತಪ್ಪು ಡಡ್ಲಿ ನಾಬ್ಸ್‌ನದೇ. ಓಡುತ್ತಿರುವ ಪಿಕಪ್ಪಿನ ತಳದ ತೂತಿನಿಂದ ಚಪ್ಪಲಿ ಜಾರಿ ರಸ್ತೆಗೆ ಬಿದ್ದರೆ ಅದನ್ನು ಹೆಂಡತಿಗೆ ಹೇಳಬಾರದು. ಅವನು ಹೇಳಿದ, ಅದೂ ನಗುನಗುತ್ತಾ, ಬೆಳಗಿನ ಚಹಾದ ಹೊತ್ತಿಗೆ.

ಮರ್ಲ್ ನಗಲಿಲ್ಲ. ಎದ್ದು ಹೋಗಿ ಕೌನ್ಸಿಲ್ ಕಚೇರಿಗೆ ಫೋನ್ ಮಾಡಿದಳು. ಹಳೇ ಗಾಡಿಗಳನ್ನು ಗುಜರಿಗೆ ಒಯ್ಯುವ ಹಡಗು ಅವತ್ತೇ ಬಂದು ನಮ್ಮ ನಾರ್ಫೋಕ್ ದ್ವೀಪದಾಚೆ ನಿಂತಿತ್ತು. ವರ್ಷಕ್ಕೊಮ್ಮೆ ಬರುವ ಹಡಗು.

"ಹೆಸರು ಬರೆಸಿದೀನಿ," ಎಂದಳು ವಾಪಸ್ ಬಂದು. "ನಾಲ್ಕು ಗಂಟೆಗೆ ದೋಣಿಕಟ್ಟೆ ಹತ್ರ ಕ್ರೇನ್ ಎತ್ತುತ್ತೆ."

ಡಡ್ಲಿಯ ಕೈಯಲ್ಲಿದ್ದ ಬ್ರೆಡ್ಡು ಚಹಾದೊಳಗೆ ಬಿತ್ತು. "ಮರ್ಲ್, ಇನ್ನು ನಲವತ್ತೆಂಟೇ ಕಿಲೋಮೀಟರು. ಐದು ಲಕ್ಷ ಆಗುತ್ತೆ. ಅಪ್ಪ ಅಂದಿದ್ದು ನೆನಪಿಲ್ವಾ ನಿಂಗೆ?"

ಅಪ್ಪ ಅಂದದ್ದು ಯಾರಿಗೆ ತಾನೇ ನೆನಪಿಲ್ಲ. ನಲವತ್ತು ವರ್ಷದ ಹಿಂದೆ, ಎರಡು ದೋಣಿ ಜೋಡಿಸಿ ಕಟ್ಟಿ ಅದರ ಮೇಲೆ ಈ ಪಿಕಪ್ಪನ್ನು ದಡಕ್ಕೆ ತಂದ ದಿನ, ಮುದುಕ ಕಟ್ಟೆಯ ಮೇಲೆ ನಿಂತು "ಇದು ಐದು ಲಕ್ಷ ಓಡುತ್ತೆ, ಬರ್ಕೊಳ್ಳಿ" ಅಂದಿದ್ದ. ಈ ತುದಿಯಿಂದ ಆ ತುದಿಗೆ ಎಂಟು ಕಿಲೋಮೀಟರಿರುವ ದ್ವೀಪ ಇದು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಅವನು ಸತ್ತ ಮೇಲೂ ನಗುತ್ತಲೇ ಇದ್ದರು. ಅಪ್ಪನ ಮಾತು ಸುಳ್ಳಾಗಬಾರದು ಎನ್ನುವುದೊಂದೇ ಡಡ್ಲಿಯ ಆಸೆ. ಅದಕ್ಕಾಗಿ ಅವನು ಹೊಸ ಗಾಡಿ ಕೊಳ್ಳಲಿಲ್ಲ.

"ನನಗೇನು ಗೊತ್ತು ಎಷ್ಟಾಗಿದೆ ಅಂತ," ಎಂದಳು ಮರ್ಲ್. "ನಲವತ್ತು ವರ್ಷ ಎಡಗಡೆ ಸೀಟಲ್ಲಿ ಕೂತಿದೀನಿ. ಅಲ್ಲಿಂದ ಮೀಟರ್ ಕಾಣುತ್ತಾ? ಊರೆಲ್ಲ ಓಡಿಸಿದಾರೆ. ನಾನು ಕೇಳಿದಾಗ ಮಾತ್ರ..."

"ಕ್ಲಚ್ ಸೂಕ್ಷ್ಮ ಮರ್ಲ್. ಎಲ್ರಿಗೂ ಬರಲ್ಲ."

ಇದು ಎರಡನೇ ತಪ್ಪು. ಮರ್ಲ್ ಚಹಾದ ಕಪ್ಪು ಕೆಳಗಿಟ್ಟಳು.

"ಸರಿ. ನಾಲ್ಕು ಗಂಟೆಯೊಳಗೆ ನನ್ನ ಕಣ್ಣೆದುರಿಗೆ ಐದು ಲಕ್ಷ ಆಗ್ಬೇಕು. ಆದ್ರೆ ಇರ್ಲಿ. ಇಲ್ದಿದ್ರೆ ಕ್ರೇನು."

ನಲವತ್ತೆಂಟು ಕಿಲೋಮೀಟರು ಏನು ಮಹಾ ಎಂದುಕೊಂಡು ಡಡ್ಲಿ ಶೆಡ್ಡಿಗೆ ಹೋದ. ಶೆಡ್ಡು ಖಾಲಿ ಇತ್ತು.

ನಮ್ಮಲ್ಲಿ ಗಾಡಿಯ ಕೀಲಿ ಗಾಡಿಯಲ್ಲೇ ಇರುತ್ತದೆ. ಬೇಕಾದವರು ಒಯ್ಯುತ್ತಾರೆ, ಕೆಲಸ ಮುಗಿದ ಮೇಲೆ ತಂದು ನಿಲ್ಲಿಸುತ್ತಾರೆ. ಕೇಳುವುದು, ಹೇಳುವುದು ಯಾವುದೂ ಇಲ್ಲ. ಎಂಟು ಕಿಲೋಮೀಟರಿನ ದ್ವೀಪದಲ್ಲಿ ಮೀಟರು ಐದು ಲಕ್ಷದ ಹತ್ತಿರ ಬಂದದ್ದಾದರೂ ಹೇಗೆ ಮತ್ತೆ?

ಇವತ್ತು ಒಯ್ದವನು ಮರ್ಲ್‌ಳ ತಮ್ಮ ಬೈರನ್. ಪಿಕಪ್ಪನ್ನು ದ್ವೀಪದ ಆಚೆ ದಡದಲ್ಲಿ ನಿಲ್ಲಿಸಿ, ದೋಣಿ ತೆಗೆದುಕೊಂಡು ಮೀನಿಗೆ ಹೋಗಿದ್ದ. ಮರ್ಲ್‌ಳ ಕಾರು ಮುಟ್ಟಲು ಧೈರ್ಯ ಸಾಲದೆ ಡಡ್ಲಿ ಐದು ಕಿಲೋಮೀಟರು ನಡೆದು ಅಲ್ಲಿಗೆ ತಲುಪುವಾಗ ಹನ್ನೊಂದು ಗಂಟೆ. ಬೈರನ್ ಆಗ ತಾನೇ ದಡಕ್ಕೆ ಬಂದು ಬುಟ್ಟಿ ಇಳಿಸುತ್ತಿದ್ದ.

"ಭಾವ, ನಡ್ಕೊಂಡು ಬಂದ್ಯಾ? ಒಳ್ಳೇದೇ ಬಿಡು, ಹೊಟ್ಟೆ ಕರಗುತ್ತೆ."

"ನಿನ್ನ ತಲೆ. ಇದನ್ನ ಗುಜರಿಗೆ ಹಾಕ್ತಾಳಂತೆ ನಿಮ್ಮಕ್ಕ."

ಕತೆ ಕೇಳಿ ಬೈರನ್ ಗಂಭೀರನಾದ. "ಹಂಗಾದ್ರೆ ನಾನೂ ಬರ್ತೀನಿ. ಅದರಲ್ಲಿ ನಾನು ಓಡಿಸಿದ್ದೇ ಐವತ್ತು ಸಾವಿರ ಕಿಲೋಮೀಟರು ಇದೆ," ಎಂದು ಮೀನಿನ ಬುಟ್ಟಿ ಸಮೇತ ಹತ್ತಿದ.

ಬೈರನ್ನನ ಬಾಯಿ ರೇಡಿಯೋಗಿಂತ ಜೋರು. ಎದುರು ಸಿಕ್ಕ ಪ್ರತಿ ಗಾಡಿಗೂ ಕಿಟಕಿಯಿಂದ ಸುದ್ದಿ ಹಂಚಿದ. ಎರಡನೇ ಸುತ್ತು ಮುಗಿಯುವಷ್ಟರಲ್ಲಿ ದ್ವೀಪಕ್ಕೆಲ್ಲ ಗೊತ್ತಾಗಿತ್ತು. ಬೇಲಿಗಳ ಮೇಲಿಂದ ಜನ ಕೂಗಿ ಹೇಳುತ್ತಿದ್ದರು: "ಆಮೆ, ಬಿಡಬೇಡ." ಡಡ್ಲಿಯ ಅಡ್ಡಹೆಸರು ಅದು. ನಮ್ಮ ಟೆಲಿಫೋನ್ ಪುಸ್ತಕದಲ್ಲೂ ಹಾಗೆಯೇ ಅಚ್ಚಾಗಿದೆ.

ಒಂದು ಗಂಟೆಗೆ ಹಸು ಸಿಕ್ಕಿತು. ಕಂದು ಹಸು, ತಿರುವಿನ ನಟ್ಟನಡುವೆ ಮಲಗಿ ಮೆಲುಕು ಹಾಕುತ್ತಿತ್ತು. ಇಲ್ಲಿ ರಸ್ತೆ ಮೊದಲು ಹಸುವಿನದು, ಆಮೇಲೆ ನಮ್ಮದು. ಹಾರ್ನ್ ಹೊಡೆದವನನ್ನು ಜನ ತಿಂಗಳುಗಟ್ಟಲೆ ಆಡಿಕೊಳ್ಳುತ್ತಾರೆ. ಡಡ್ಲಿ ಇಳಿದು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಬೇಡಿಕೊಂಡ.

"ಏಳಮ್ಮ. ನಮ್ಮಪ್ಪನ ಮರ್ಯಾದೆ ಪ್ರಶ್ನೆ."

ಹಸು ಅವನ ಟೋಪಿಯನ್ನು ಮೂಸಿತು. ಮುಕ್ಕಾಲು ಗಂಟೆಯ ಮೇಲೆ ತನಗೆ ಬೇಕೆನಿಸಿದಾಗ ಎದ್ದು ಹೋಯಿತು.

ಅಷ್ಟು ಹೊತ್ತು ಆಫ್ ಮಾಡದೆ ಬಿಟ್ಟಿದ್ದ ಎಂಜಿನ್ನು ಮುಂದಿನ ಏರಿನಲ್ಲಿ ಕುದಿಯತೊಡಗಿತು. ಆಫ್ ಮಾಡಿದರೆ ಮತ್ತೆ ಶುರುವಾಗುವುದು ದೇವರ ಇಚ್ಛೆ ಎಂದು ಡಡ್ಲಿಗೆ ಭಯ. ಗಾಡಿ ನಿಂತದ್ದು ಎನಿಡತ್ತೆಯ ಗೇಟಿನೆದುರು. ಎಂಬತ್ತೆರಡರ ಎನಿಡತ್ತೆ ಡಡ್ಲಿಯ ಅಪ್ಪನ ತಂಗಿ. ಮಳೆನೀರಿನ ತೊಟ್ಟಿ ಬತ್ತಿತ್ತು. ಮುದುಕಿ ಒಳಗಿನಿಂದ ಒಂದು ದೊಡ್ಡ ಜಗ್ ನಿಂಬೆ ಷರಬತ್ತು ತಂದಳು.

"ಸುರಿಯೋ. ನಿಮ್ಮಪ್ಪನಿಗೂ ಇದೇ ಕುಡಿಸ್ತಿದ್ದೆ, ಸಿಟ್ಟು ಇಳೀತಿತ್ತು."

ಎಂಜಿನ್ನು ತಣ್ಣಗಾಗುವ ತನಕ ಕಾದು, ಹಳೇ ಬಟ್ಟೆ ಹಿಡಿದು ರೇಡಿಯೇಟರಿನ ಮುಚ್ಚಳ ತೆಗೆದು ಸುರಿದರು. ಕೀಲಿ ತಿರುಗಿಸಿದರೆ ಪಿಕಪ್ಪು ಒಮ್ಮೆ ಕೆಮ್ಮಿ, ಕೆನ್ನೀಲಿ ಹೊಗೆ ಬಿಟ್ಟು, ಓಡಿತು. ಎನಿಡತ್ತೆ, ಬಾಳೆಹಣ್ಣು ಹಿಸುಕಿ ತಾನು ಬೇಯಿಸಿಟ್ಟಿದ್ದ ಪಿಲ್ಹಿಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬೈರನ್ನನನ್ನು ಹಿಂದಕ್ಕೆ ಅಟ್ಟಿ, ಎಡಗಡೆ ಸೀಟಿನಲ್ಲಿ ಕೂತಳು.

ಮೂರೂವರೆಗೆ ಪಿಕಪ್ಪು ಕಟ್ಟೆಗೆ ಬಂದಾಗ ಮೀಟರಿನಲ್ಲಿ ನಾಲ್ಕು ಲಕ್ಷದ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ದ್ವೀಪಕ್ಕೆ ದ್ವೀಪವೇ ಅಲ್ಲಿತ್ತು, ತನ್ನ ಕಾರಿನಲ್ಲಿ ಬಂದಿದ್ದ ಮರ್ಲ್ ಕೂಡ. ಅಪ್ಪನನ್ನು ನೋಡಿ ನಕ್ಕಿದ್ದ ಮುದುಕರೂ ಊರುಗೋಲು ಊರಿಕೊಂಡು ಬಂದಿದ್ದರು. ಇನ್ನು ಮರ್ಲ್‌ಳನ್ನು ಪಕ್ಕಕ್ಕೆ ಕೂರಿಸಿಕೊಂಡು ಸಮುದ್ರದ ದಂಡೆಯ ರಸ್ತೆಯಲ್ಲಿ ಒಂದೇ ಒಂದು ಕಿಲೋಮೀಟರು.

"ಮಾತಾಡು ಆಮೆ," ಎಂದು ಜನ ಅವನನ್ನು ಹೊತ್ತು ಹೋಗಿ ಕಟ್ಟೆಯ ಮೇಲೆ ನಿಲ್ಲಿಸಿದರು, ಅಪ್ಪ ನಿಂತಿದ್ದ ಜಾಗದಲ್ಲೇ.

ಡಡ್ಲಿ ಜನ್ಮದಲ್ಲಿ ಭಾಷಣ ಮಾಡಿದವನಲ್ಲ. ಅವತ್ತು ಇಪ್ಪತ್ತು ನಿಮಿಷ ಮಾಡಿದ. ಅಪ್ಪನ ಮಾತು, ಅಪ್ಪನ ಪೆಟ್ಟಿಗೆಯನ್ನು ಇದೇ ಪಿಕಪ್ಪು ಸ್ಮಶಾನಕ್ಕೆ ಒಯ್ದದ್ದು, ಷರಬತ್ತು, ಹಸು, ಎಲ್ಲ ಬಂತು. ಜನ ಕಣ್ಣೊರೆಸಿಕೊಂಡರು. "ಈಗ ನೋಡಿ," ಎಂದು ಕೈ ಚಾಚಿ ತಿರುಗಿದರೆ ಅಲ್ಲಿ ಪಿಕಪ್ಪು ಇರಲಿಲ್ಲ.

"ಯಾರೋ ತಗೊಂಡ್ರು," ಎಂದರು ಜನ, ಏನೂ ಆಗದವರಂತೆ.

"ಯಾರು?"

ಎಲ್ಲರೂ ಎಲ್ಲರನ್ನೂ ನೋಡಿದರು. ಬೈರನ್ ಎರಡೂ ಕೈ ಎತ್ತಿ ತೋರಿಸಿದ. ಕ್ರೇನಿನವನು ಗಡಿಯಾರ ನೋಡಿ ಕೊಕ್ಕೆ ಇಳಿಸತೊಡಗಿದ. ನಾಲ್ಕಕ್ಕೆ ಮೂರು ನಿಮಿಷ. ಡಡ್ಲಿ ಕಟ್ಟೆಯ ಮೇಲೆ ಕುಸಿದು ಕೂತ.

ಅಷ್ಟರಲ್ಲಿ ಸ್ಮಶಾನದ ತಿರುವಿನಲ್ಲಿ ಕೆನ್ನೀಲಿ ಹೊಗೆ ಕಾಣಿಸಿತು. ಪಿಕಪ್ಪು ಬಂದು, ಒಂದು ಜರ್ಕೂ ಇಲ್ಲದೆ, ಬೆಣ್ಣೆಯಂತೆ ನಿಂತಿತು. ಬಲಗಡೆ ಸೀಟಿನಿಂದ ಇಳಿದವಳು ಮರ್ಲ್.

"ತಟ್ಟೆ ತರೋಕೆ ಮನೆಗೆ ಹೋಗಿದ್ದೆ," ಎಂದಳು. "ಪಿಲ್ಹಿ ಏನು ಕೈಯಲ್ಲಿ ತಿಂತೀರಾ? ನನ್ನ ಕಾರಿಗೆ ಅಡ್ಡ ಇಪ್ಪತ್ತು ಗಾಡಿ ನಿಲ್ಸಿದೀರಿ. ಇದರಲ್ಲಿ ಕೀಲಿ ಇತ್ತು."

ಡಡ್ಲಿ ಓಡಿ ಹೋಗಿ ಕಿಟಕಿಯಲ್ಲಿ ತಲೆ ತೂರಿಸಿದ. ಐದು ಲಕ್ಷದ ಎರಡು.

ಜನರ ಕೂಗಿಗೆ ಹಡಗಿನವರೂ ಬಂದು ಅಂಚಿನಲ್ಲಿ ನಿಂತರು. ಮುದುಕರು ಟೋಪಿ ತೆಗೆದರು. ಎನಿಡತ್ತೆ ಬಾನೆಟ್ಟಿಗೆ ಮುತ್ತು ಕೊಟ್ಟು ತುಟಿ ಸುಟ್ಟುಕೊಂಡಳು. ಅಪ್ಪ ಗೆದ್ದಿದ್ದ.

"ಆದ್ರೆ ನಾನು ನೋಡ್ಲೇ ಇಲ್ವಲ್ಲ," ಎಂದ ಡಡ್ಲಿ ಸಣ್ಣ ದನಿಯಲ್ಲಿ.

"ನನ್ನ ಕಣ್ಣೆದುರಿಗೆ ಅಂತ ತಾನೇ ಮಾತು? ನನ್ನ ಕಣ್ಣೆದುರಿಗೇ ಆಯ್ತು," ಎಂದಳು ಮರ್ಲ್. ಅವಳ ಕಣ್ಣು ಒದ್ದೆಯಾಗಿತ್ತು. "ಸರಿಯಾಗಿ ಮಾವನ ಸಮಾಧಿ ಎದುರಿಗೆ. ಎಲ್ಲಾ ಒಂಬತ್ತೂ ಒಟ್ಟಿಗೆ ತಿರುಗಿದ್ವು. ನಿಲ್ಸಿ ಅವರಿಗೆ ಹೇಳಿ ಬಂದೆ. ಇಂಥಾ ಗಾಡೀನ ನಾನು ಯಾರಿಗೂ ಕೊಡಲ್ಲ ಡಡ್ಲಿ."

ಡಡ್ಲಿ ಅವಳನ್ನು ಅಪ್ಪಿಕೊಂಡ. ಸಿಳ್ಳೆ ಹಾಕಿದವನು ಬೈರನ್. ಕ್ರೇನಿನವನು ಕೊಕ್ಕೆ ಮೇಲೆತ್ತಿದ.

ಪಿಲ್ಹಿ ಖಾಲಿಯಾದ ಮೇಲೆ ಡಡ್ಲಿ ರಾಜನ ಹಾಗೆ ನಡೆದು ಹೋಗಿ ಬಲಗಡೆಯ ಬಾಗಿಲು ತೆಗೆದ. ಸೀಟಿನಲ್ಲಿ ಮರ್ಲ್ ಆಗಲೇ ಕೂತಿದ್ದಳು. ಅವನನ್ನು ನೋಡಿ, ನಲವತ್ತು ವರ್ಷ ಯಾರೂ ಮುಟ್ಟಿ ತೆಗೆಯದ ಕೀಲಿಯನ್ನು ಹೊರಗೆಳೆದು ತನ್ನ ಕೈಚೀಲಕ್ಕೆ ಹಾಕಿದಳು.

"ಆ ಕಡೆ ಹತ್ತು," ಎಂದಳು. "ಕ್ಲಚ್ ಸೂಕ್ಷ್ಮ ಡಡ್ಲಿ. ಎಲ್ರಿಗೂ ಬರಲ್ಲ."