ಕಂಬ ತೆಗೆದ ದಿನ ಕೊನೆಯ ಕಂತು

ಓದಿದವನು ಮನೆ ರಿಪೇರಿಗೆ ಕೈ ಹಾಕಿದಾಗ ಅವನಿಗೊಂದು ಕಾಯಿಲೆ ಹತ್ತಿಕೊಳ್ಳುತ್ತದೆ: ಮೇಸ್ತ್ರಿ ಹುಟ್ಟಿರುವುದೇ ತನಗೆ ಮೋಸ ಮಾಡುವುದಕ್ಕೆ ಎಂಬ ನಂಬಿಕೆ. ನನಗೆ ಅದು ಕೊಂಚ ಜೋರಾಗಿಯೇ ಇತ್ತು. ಮದರಾಸಿನ ಒಂದು ವಿಮಾ ಕಚೇರಿಯಲ್ಲಿ ಕೂತು, ಯಾರ್ಯಾರ ಮೇಲೋ ಏನೇನೋ ಬಿದ್ದ ಅರ್ಜಿಗಳನ್ನು ಓದಿ ಅನುಮಾನಪಡುವುದೇ ನನ್ನ ಉದ್ಯೋಗ. ಸಂಜೆ ಅಡ್ಯಾರಿನ ಬಸ್ಸು ಹತ್ತುವಾಗ ಆ ಅನುಮಾನವನ್ನೂ ಟಿಫಿನ್ ಡಬ್ಬಿಯ ಜೊತೆ ಮನೆಗೆ ತರುತ್ತಿದ್ದೆ.

ಮನೆಯ ಮುಂದಿನ ವರಾಂಡದ ಹೆಂಚು ಇಳಿಸಿ, ಕಾಂಕ್ರೀಟ್ ಚಾವಣಿ ಹಾಕಿ, ಅಮ್ಮನಿಗೊಂದು ಕೋಣೆ ಮಾಡಿಸುವುದೆಂದು ಹೊರಟೆ. ಮೇಸ್ತ್ರಿ ಮುನಿಸ್ವಾಮಿ ಹೊಸೂರಿನ ಕಡೆಯವನು. ಅವನ ಕನ್ನಡ ಆಗಾಗ ತಮಿಳಿಗೆ ಹೋಗಿ ಬರುತ್ತಿತ್ತು. "ಶನಿವಾರ ಶನಿವಾರ ಕೂಲಿ ಕೊಟ್ಟುಬಿಡಿ ಸಾಮಿ. ಎಲ್ಲಾ ಕಡೆ ಅಪ್ಪಡಿತಾನೇ, ಹಂಗೇ ಅಲ್ವಾ," ಎಂದ. "ಎಲ್ಲಾ ಕಡೆ ಇರಲಿ. ಇಲ್ಲಿ ಕೆಲಸ ಆದಷ್ಟು ಹಣ," ಎಂದೆ. ಗೋಡೆ ಎದ್ದಾಗ ಒಂದು ಕಂತು, ಚಾವಣಿಗೆ ಕಾಂಕ್ರೀಟ್ ಸುರಿದಾಗ ಇನ್ನೊಂದು, ಆ ಹಸಿ ಚಾವಣಿಯನ್ನು ಹೊತ್ತು ನಿಲ್ಲುವ ಸರ್ವೆ ಕಂಬಗಳನ್ನು ತೆಗೆದ ದಿನ ಕೊನೆಯ, ಎಲ್ಲಕ್ಕಿಂತ ದೊಡ್ಡ ಕಂತು. ಅಲ್ಲಿಯವರೆಗೆ ಅವನು ಬೇರೆ ಕೆಲಸಕ್ಕೆ ಓಡಲಾರ. ಕಚೇರಿಯಲ್ಲಿ ಇಬ್ಬರು ಗುಮಾಸ್ತರು ಈ ಏರ್ಪಾಡನ್ನು ಬಹಳ ಮೆಚ್ಚಿದರು. ಇಬ್ಬರೂ ಬಾಡಿಗೆ ಮನೆಯವರೆಂಬುದು ನನಗೆ ಆಗ ಹೊಳೆಯಲಿಲ್ಲ.

ಕಾಂಕ್ರೀಟ್ ಸುರಿದ ಮೇಲೆ ಮಳೆ ಹಿಡಿಯಿತು, ಹಿಂದೆಯೇ ದೀಪಾವಳಿಯೂ ಹತ್ತಿರ ಬಂತು. "ಆಳುಗಳು ಕೂಲಿಗೆ ನನ್ನ ಮನೆ ಬಾಗಿಲಲ್ಲೇ ಕೂತವರೆ ಸಾಮಿ. ಏನಾದ್ರೂ ಕೊಡಿ," ಎಂದ ಮುನಿಸ್ವಾಮಿ. "ಕಂಬ ತೆಗಿ, ತಗೊಂಡು ಹೋಗು," ಎಂದೆ. ಎಷ್ಟು ಚೆನ್ನಾಗಿ ಹೇಳಿದೆ ಎಂದು ಅಂದು ಊಟಕ್ಕೆ ಕೂತಾಗಲೂ ಅನಿಸಿತ್ತು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅವನು ಕಂಬಗಳನ್ನೆಲ್ಲ ತೆಗೆದು ಅಂಗಳದಲ್ಲಿ ಒಟ್ಟಿ ನಿಂತ. ನಾನು ಹಣ ತರಲು ಒಳಗೆ ಹೊರಟೆ. ಅಷ್ಟರಲ್ಲೇ ಅಮ್ಮ ಮೊರದಲ್ಲಿ ಅಕ್ಕಿ ಹಿಡಿದು ಹೊಸ ಚಾವಣಿಯ ಕೆಳಗೆ ಕಾಲು ಚಾಚಿ ಕೂತಾಗಿತ್ತು. "ತಣ್ಣಗಿದೆ ಕಣೋ," ಎಂದಳು. ಗೇಟಿನ ಹತ್ತಿರ ಸೊಪ್ಪಿನವಳು ಕೂಗಿದಳು. ಅಮ್ಮ ಮೊರ ಅಲ್ಲೇ ಇಟ್ಟು ಎದ್ದು ಹೋದಳು. "ನಿನ್ನೆ ಸೊಪ್ಪಿಗೆ ಇವತ್ತಿನ ಬೆಲೆ ಹೇಳ್ತೀಯಲ್ಲೇ," ಎಂದು ಅಮ್ಮ ಕನ್ನಡದಲ್ಲಿ, ಬೆಳಿಗ್ಗೆ ಕಿತ್ತದ್ದೆಂದು ಅವಳು ತಮಿಳಿನಲ್ಲಿ. ನಾನು ನೋಟು ಹಿಡಿದು ಬಾಗಿಲಿಗೆ ಬಂದೆ. ಚಾವಣಿ ನನ್ನ ಕಣ್ಣೆದುರೇ ನಡುವೆ ಬಾಗಿ, ಮೊರದ ಮೇಲೆ ಕೂತುಬಿಟ್ಟಿತು.

ಧೂಳು ಇಳಿದಾಗ ಮುನಿಸ್ವಾಮಿ ನೆಲದ ಮೇಲೆ ಕೂತಿದ್ದ. "ಕಂಬ ಇನ್ನೂ ಕೊಂಚ ದಿನ ನಿಲ್ಲಬೇಕಿತ್ತು. ನನಗೆ ತೆರಿಯುಂ ಸಾಮಿ, ಗೊತ್ತಿತ್ತು," ಎಂದ. ಅವನನ್ನು ಬೈಯಲು ಬಾಯಿ ತೆರೆದೆ, ಕೈಯಲ್ಲಿದ್ದ ನೋಟು ಕಣ್ಣಿಗೆ ಬಿತ್ತು. ಅಮ್ಮ ಸೊಪ್ಪಿನ ಕಟ್ಟು ಎದೆಗೊತ್ತಿಕೊಂಡು, "ನನ್ನ ಮೊರ ಹೋಯ್ತಲ್ಲೋ," ಎಂದಳು.

ಸ್ನಾನದಲ್ಲಿ, ಬಸ್ಸಿನಲ್ಲಿ, ಕಚೇರಿಯ ಮೇಜಿನ ಮುಂದೆ, ಆ ಚಾವಣಿ ಈಗಲೂ ಬೀಳುತ್ತದೆ. ಸೊಪ್ಪಿನವಳು ಮೊದಲು ಪಕ್ಕದ ಬೀದಿಗೆ ಹೋಗಿದ್ದರೆ? ಇಷ್ಟು ಸಣ್ಣ ಕಟ್ಟಿಗೆ ಚೌಕಾಸಿ ಮಾಡಬೇಡ, ಮಾನ ಹೋಗುತ್ತದೆ ಎಂದು ಅಮ್ಮನಿಗೆ ವರ್ಷಗಟ್ಟಲೆ ಹೇಳಿದ್ದೇನೆ. ಅಮ್ಮ ಅವತ್ತೊಂದು ದಿನ ನನ್ನ ಮಾತು ಕೇಳಿದ್ದರೂ ಸಾಕಿತ್ತು, ಮತ್ತೆ ಮೊರದ ಮುಂದೆ ಬಂದು ಕೂತಿರುತ್ತಿದ್ದಳು.

ಎರಡನೆಯ ಚಾವಣಿ ಶನಿವಾರದ ಕೂಲಿಯಲ್ಲಿ ಎದ್ದಿತು, ಒಣಗಿಯೂ ಬಹಳ ಕಾಲವಾಯಿತು. "ಕಲ್ಲಾಗಿದೆ ಸಾಮಿ, ಮೇಲೆ ಆನೆ ನಿಲ್ಲಿಸಿ. ಕಂಬ ಬಾಡಿಗೆದು, ತೆಗೀಲಾ?" ಎಂದು ಮುನಿಸ್ವಾಮಿ ಕೇಳುತ್ತಾನೆ. ಬೇಡ ಎಂದು ಕಂಬದ ಬಾಡಿಗೆ ಕೊಟ್ಟು ಕಳಿಸುತ್ತೇನೆ. ಅಮ್ಮ ಕಂಬಗಳ ನಡುವೆ ಹಗ್ಗ ಕಟ್ಟಿ ಸೀರೆ ಒಣಹಾಕುತ್ತಾಳೆ. ಅವನ ಮೇಲೆ ನನಗಿದ್ದ ಅನುಮಾನ ಪೂರ್ತಿ ಹೋಗಿದೆ. ಹಣ ಎಣಿಸಿಕೊಳ್ಳುತ್ತ ಅವನೇ ಈಗ ನನ್ನನ್ನು ಒಂದು ಥರ ನೋಡುತ್ತಾನೆ.