ಕೈ ಹಿಡಿಯುವವರು ಬೇಕಾಗಿದ್ದಾರೆ

ಮಕ್ಕಳೇ, ಏಳನೇ ತರಗತಿಯವರೆಗೂ ಊರ ಶಾಲೆಯಲ್ಲಿ ಕನ್ನಡಕ್ಕೆ ನಾನೇ ಮುಂದು. ಮುಂದಿನ ಅನಾಹುತಕ್ಕೆ ಅದೇ ಮೂಲ ಕಾರಣ.

ಜಗಳೂರಿನ ಖಾನಾವಳಿಯೊಂದಕ್ಕೆ ದಿನವೂ ಜೋಳದ ರೊಟ್ಟಿ ಕೊಡುವ ವರ್ತನೆ ನನ್ನದಲ್ಲವೇ? ಹೋದ ವರ್ಷ ಬಲಭುಜ ಹಿಡಿದುಕೊಂಡಿತು. ರೊಟ್ಟಿಗಳು ಚಪ್ಪಡಿಯಂತೆ ದಪ್ಪವಾಗತೊಡಗಿದವು. "ಸೋಮವಾರದೊಳಗೆ ಯಾರನ್ನಾರ ಜೊತಿಗೆ ಇಟ್ಕಳ್ರಿ ಅಜ್ಜಿ. ಇಲ್ಲಾಂದ್ರೆ ಬೇರೆ ಕಡೆ ನೋಡ್ತೀನಿ" ಎಂದರು ಖಾನಾವಳಿಯವರು. ನಿಮ್ಮಜ್ಜ ಹೋದ ಮೇಲೆ ನನ್ನನ್ನು ನಿಲ್ಲಿಸಿದ್ದೇ ಆ ರೊಟ್ಟಿ. ಬಿಡಲಾದೀತೇ?

ನಿಮ್ಮಕ್ಕ ಪಲ್ಲವಿ ಮೊದಲು ಕೆಲಸ ಹುಡುಕುವ ಆ್ಯಪಿನಲ್ಲಿ ಜಾಹೀರಾತು ಹಾಕಿದಳು. ಅದು ಕಂಪನಿಯ ಹೆಸರು ಕೇಳಿತು. "ಒಲೆ ಅಂತ ಬರಿ" ಎಂದೆ. ಬಂದದ್ದು ಒಂದೇ ಒಂದು ಫೋನು: "ಮೇಡಂ, ಈ ಕೆಲಸ ಮನೆಯಿಂದ್ಲೇ ಮಾಡಾಕೆ ಬರ್ತೈತಾ?"

"ಬಿಡಜ್ಜಿ, ಜನ ಫೋಟೋ ಹಾಕ್ತಾರಲ್ಲ, ಆ ಜಾಲತಾಣದಾಗೆ ಹಾಕಾನ. ಅದೇ ಜೋರೈತೆ" ಎಂದಳು ಪಲ್ಲವಿ.

"ತಡಿ, ಕನ್ನಡ ನಾನೇ ಬರೀತೀನಿ!"

ಎದುರಿಗೆ ಮಾತಾಡಲು ನಾಚಿಕೆಯಾದರೂ ಬರೆಯಲು ನನಗೆ ಧೈರ್ಯವಿದೆ. 'ಆಳು' ಎನ್ನಲು ಮನಸ್ಸಾಗದೆ ಗೌರವದಿಂದ ಬರೆದೆ: "ಒಂಟಿಯಾಗಿದ್ದೇನೆ. ಕೈ ಹಿಡಿಯುವವರು ಬೇಕಾಗಿದ್ದಾರೆ. ವಯಸ್ಸಿನ ಅಡ್ಡಿಯಿಲ್ಲ. ಊಟ, ವಸತಿ ನನ್ನದೇ." ಚಂದ ಕಾಣಲೆಂದು ಇಳಕಲ್ ಸೀರೆ ಉಟ್ಟ ನನ್ನ ಫೋಟೋ ಬೇರೆ! ಕಾಲೇಜಿನ ಬಸ್ಸಿನ ಅವಸರದಲ್ಲಿ ಪಲ್ಲವಿ ಓದದೆಯೇ ಒತ್ತಿಬಿಟ್ಟಳು.

ಸಂಜೆಯೊಳಗೆ ಚನ್ನಗಿರಿ, ನ್ಯಾಮತಿಯ ನೆಂಟರಿಗೆಲ್ಲ ಸುದ್ದಿ ಮುಟ್ಟಿತ್ತು. ಪಕ್ಕದ ಮನೆ ರುದ್ರಮ್ಮ ಕಾಂಪೌಂಡಿನ ಮೇಲೆ ಕತ್ತು ಚಾಚಿದರು. "ಏನ್ರೀ ಗಂಗಕ್ಕ, ನಮಗೊಂದು ಮಾತು ಹೇಳಬಾರ್ದಾ? ಲಗ್ನ ಯಾವಾಗ?"

"ಯಾರ್ದು?"

"ನಿಮ್ದೇ!"

ನಾನು ಹಿಟ್ಟಿನ ಡಬ್ಬಿಯ ಹಿಂದೆ ಕೂತವಳು ಕತ್ತಲಾದರೂ ಏಳಲಿಲ್ಲ.

ಭಾನುವಾರ ಬೆಳಿಗ್ಗೆ ಗರಿಗರಿ ಪಂಚೆ ಉಟ್ಟ, ಹೊನ್ನಾಳಿಯ ನಿವೃತ್ತ ಬಸ್ ಕಂಡಕ್ಟರೊಬ್ಬರು ಬಾಗಿಲಿಗೆ ಬಂದರು. ಹೆಣ್ಣು ನೋಡಲು ಹಿರಿಯರು ಬೇಕೆಂದು ತಮ್ಮ ಅಕ್ಕ ಶಾಂತಮ್ಮನನ್ನೂ ಕರೆತಂದಿದ್ದರು. ನಾನು ಕಲಸಿಟ್ಟ ಹಿಟ್ಟನ್ನು ತೋರಿಸಿದೆ, ಭುಜವನ್ನು ತೋರಿಸಿದೆ.

"ಅಯ್ಯ ಶಿವನೇ, ಇದಕ್ಕಾ ಕೈ ಬೇಕಾಗಿದ್ದು!" ಎಂದು ನಕ್ಕ ಶಾಂತಮ್ಮ ಸೆರಗು ಸಿಕ್ಕಿಸಿ ಕೂತೇಬಿಟ್ಟರು. ಅವರು ತಟ್ಟಿದ ರೊಟ್ಟಿ ಎಲೆಯಷ್ಟು ತೆಳುವು! ಕಂಡಕ್ಟರು ಮಾತ್ರ ಆಸೆ ಬಿಡದೆ, "ಕೈ ಹಿಡಿಯಾದು ಎರಡಕ್ಕೂ ಆಕ್ಕೈತಲ್ರೀ?" ಎನ್ನುತ್ತಾ ಒಲೆಯ ಉರಿ ನೋಡಿಕೊಂಡರು. ಪಾಪ, ಅವರ ಮನಸ್ಸು ನೋಯದಂತೆ ಬೇಡವೆನ್ನುವುದು ಹೇಗೆಂದು ನಾನು ಮಧ್ಯಾಹ್ನದವರೆಗೆ ಶುದ್ಧ ಕನ್ನಡದಲ್ಲಿ ವಾಕ್ಯ ಜೋಡಿಸಿದೆ.

ಊಟಕ್ಕೆ ಕೂತ ಕಂಡಕ್ಟರು ನಾನು ತಟ್ಟಿದ ರೊಟ್ಟಿಯೊಂದನ್ನು ಬಹಳ ಹೊತ್ತು ಅಗಿದರು. ಆಮೇಲೆ ಕೈ ಮುಗಿದರು.

"ಅಮ್ಮಾರೆ, ತಪ್ಪು ತಿಳೀಬ್ಯಾಡ್ರಿ. ಅಕ್ಕ ಇಲ್ಲೇ ಇರ್ತೀನಿ ಅಂತಾಳೆ, ಇರ್ಲಿ. ನನ್ನ ಅರ್ಜಿ ವಾಪಸ್ ತಗಂತೀನಿ!"

ಸೋಮವಾರ ರೊಟ್ಟಿ ಹೋಯಿತು, ವರ್ತನೆ ಉಳಿಯಿತು. ಶಾಂತಕ್ಕ ಇವತ್ತಿಗೂ ನನ್ನ ಪಕ್ಕದಲ್ಲೇ ಕೂತು ತಟ್ಟುತ್ತಾರೆ, ಒಂಟಿತನವೂ ಹೋಯಿತು. ಆ ಜಾಲತಾಣಕ್ಕೂ ಕಂಡಕ್ಟರಿಗೂ ನಾನು ಋಣಿ. ಆದರೆ ಮಕ್ಕಳೇ, ಕೆಲಸ ಕೊಡುವವಳು ನಾನು, ಸಂದರ್ಶನದಲ್ಲಿ ಫೇಲಾದವಳೂ ನಾನೇ!